ಹತ್ತರವರೆಗೆ ಕನ್ನಡ, ಆಮೇಲೆ ಟೀಚರಿದ್ದ ಗ್ರೂಪು

ಕಾಸರಗೋಡು: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಗಡಿನಾಡಿನ ಕನ್ನಡ ಮನೆಗಳಲ್ಲಿ ಒಂದೇ ಮಾತು. ಪ್ಲಸ್ ವನ್‌ಗೆ ಯಾವ ಗ್ರೂಪು ಹಾಕುವುದು? ಸಯನ್ಸೋ, ಕಾಮರ್ಸೋ, ಹ್ಯುಮಾನಿಟೀಸೋ? ಮಗುವಿನ ಇಷ್ಟದ ಪ್ರಶ್ನೆ ಇದು ಅಂತ ಅನ್ನಿಸಬಹುದು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಆ ಶಾಲೆಯಲ್ಲಿ ಕನ್ನಡ ಗೊತ್ತಿರುವ ಟೀಚರು ಯಾವ ಸಬ್ಜೆಕ್ಟಿಗೆ ಇದ್ದಾರೆ? ಎಷ್ಟೋ ಮಕ್ಕಳ ಗ್ರೂಪು ತೀರ್ಮಾನವಾಗುವುದು ಈ ಎರಡನೇ ಪ್ರಶ್ನೆಯ ಉತ್ತರದಿಂದ.

ಕಾಗದದ ಮೇಲೆ ನೋಡಿದರೆ ಕೇರಳದ ಹೈಯರ್ ಸೆಕೆಂಡರಿಯಲ್ಲಿ ಆಯ್ಕೆಗೆ ಬರಗಾಲವಿಲ್ಲ. ಇಂಗ್ಲಿಷ್ ಒಂದು, ಎರಡನೇ ಭಾಷೆ ಒಂದು, ಅದರ ಮೇಲೆ ನಾಲ್ಕು ಐಚ್ಛಿಕ ವಿಷಯ. ಈ ನಾಲ್ಕನ್ನು ಸೇರಿಸಿ ಮಾಡಿದ ಕಾಂಬಿನೇಶನ್‌ಗಳು ರಾಜ್ಯದಲ್ಲಿ ನಲವತ್ತಕ್ಕೂ ಮಿಕ್ಕಿ ಇವೆ. ಜಿಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಗಾಂಧಿಯನ್ ಸ್ಟಡೀಸ್, ಹೋಂ ಸಯನ್ಸ್ ಎಲ್ಲ ಪಟ್ಟಿಯಲ್ಲಿವೆ. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕಿನ ಒಂದು ಸಾಧಾರಣ ಶಾಲೆಗೆ ಹೋಗಿ ನೋಡಿ. ಇರುವುದು ಎರಡು, ಹೆಚ್ಚೆಂದರೆ ಮೂರು ಕಾಂಬಿನೇಶನ್. ಅಷ್ಟರೊಳಗೇ ಮಗುವಿನ ಭವಿಷ್ಯ ಹುಡುಕಬೇಕು.

ಹತ್ತನೇ ತರಗತಿಯವರೆಗೆ ಪರಿಸ್ಥಿತಿ ಬೇರೆ. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಡಿವಿಷನ್ ಇದೆ, ಎಸ್‌ಸಿಇಆರ್‌ಟಿ ಅನುವಾದ ಮಾಡಿಸಿದ ಕನ್ನಡ ಪಠ್ಯಪುಸ್ತಕ ಇದೆ. ಲೋಕಸೇವಾ ಆಯೋಗ ಅಧ್ಯಾಪಕರನ್ನು ಕರೆಯುವಾಗಲೂ ‘ಗಣಿತ - ಕನ್ನಡ ಮಾಧ್ಯಮ’, ‘ಸಮಾಜ ವಿಜ್ಞಾನ - ಕನ್ನಡ ಮಾಧ್ಯಮ’ ಅಂತ ಬೇರೆಯೇ ಹುದ್ದೆ ತೋರಿಸುತ್ತದೆ. ಆ ಹುದ್ದೆಗೆ ಕನ್ನಡ ಸರಿಯಾಗಿ ಬಾರದವರು ಬಂದು ಕುಳಿತಾಗ ಗಲಾಟೆ ಆದದ್ದುಂಟು. ಮಕ್ಕಳು ಗೇಟಿನ ಹೊರಗೆ ಕುಳಿತರು, ಪಿಟಿಎಯವರು ಧರಣಿ ಮಾಡಿದರು. 2018ರಲ್ಲಿ ಬಂದ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರದಲ್ಲಿ ಕನ್ನಡ ಶಾಲೆಗೆ ಮಲಯಾಳಿ ಮಾಸ್ಟ್ರು ಬಂದ ಕಥೆ ನೋಡಿ ಕರ್ನಾಟಕದ ಉದ್ದಗಲಕ್ಕೂ ಜನ ನಕ್ಕರು, ಅತ್ತರು. ನಮ್ಮ ಊರಿನವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ ಬಿಡಿ.

ಆದರೆ ಆ ಗಲಾಟೆಯೆಲ್ಲ ಹತ್ತನೇ ತರಗತಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಅದೇ ಕಂಪೌಂಡಿನೊಳಗೆ, ಎಷ್ಟೋ ಕಡೆ ಅದೇ ಕಟ್ಟಡದ ಮಹಡಿಯಲ್ಲಿ, ಪ್ಲಸ್ ವನ್ ತರಗತಿ ಇರುತ್ತದೆ. ಅಲ್ಲಿ ಏನಾಗುತ್ತಿದೆ ಅಂತ ಕೇಳುವವರು ಕಡಿಮೆ.

ಮಹಡಿ ಮೇಲೆ ಮಾಧ್ಯಮವೇ ಇಲ್ಲ

ಹೈಯರ್ ಸೆಕೆಂಡರಿಯ ಹುದ್ದೆಗಳಿಗೆ ಕನ್ನಡ ಮಾಧ್ಯಮ ಎಂಬ ಗುರುತು ಇಲ್ಲ. ಫಿಸಿಕ್ಸ್ ಅಂದರೆ ಫಿಸಿಕ್ಸ್, ಅಕೌಂಟೆನ್ಸಿ ಅಂದರೆ ಅಕೌಂಟೆನ್ಸಿ. ಆಯಾ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಬಿ.ಎಡ್., ಜೊತೆಗೆ ‘ಸೆಟ್’ ಪರೀಕ್ಷೆ ಪಾಸಾಗಿರಬೇಕು. ಕನ್ನಡ ಗೊತ್ತಿರಬೇಕೆಂಬ ಷರತ್ತು ಇರುವುದು ಕನ್ನಡ ಭಾಷಾ ಅಧ್ಯಾಪಕರಿಗೆ ಮಾತ್ರ. ಹೈಸ್ಕೂಲಿಗೆ ಪಿಎಸ್‌ಸಿಯ ರ್‍ಯಾಂಕ್ ಪಟ್ಟಿ ಜಿಲ್ಲಾವಾರು; ಹೈಯರ್ ಸೆಕೆಂಡರಿಗೆ ರಾಜ್ಯಮಟ್ಟದ್ದು. ಹಾಗಾಗಿ ಕೊಲ್ಲಂನಿಂದಲೋ ತೃಶ್ಶೂರಿನಿಂದಲೋ ಬಂದ ಅಧ್ಯಾಪಕರು ಪೈವಳಿಕೆಯ ಕಡೆಗೋ ಬದಿಯಡ್ಕದ ಕಡೆಗೋ ನೇಮಕವಾಗುತ್ತಾರೆ. ಅವರ ತಪ್ಪೇನೂ ಇಲ್ಲ. ಸಬ್ಜೆಕ್ಟು ಚೆನ್ನಾಗಿ ಗೊತ್ತಿರುತ್ತದೆ, ಪಾಠ ಮಾಡುವ ಮನಸ್ಸೂ ಇರುತ್ತದೆ. ಆದರೆ ಎದುರು ಕುಳಿತ ಅರ್ಧ ತರಗತಿಯ ಭಾಷೆ ಅವರಿಗೆ ತಿಳಿಯದು, ಅವರ ಭಾಷೆ ಆ ಮಕ್ಕಳಿಗೆ ಅರ್ಧಂಬರ್ಧ. ಎರಡು-ಮೂರು ವರ್ಷದಲ್ಲಿ ಸ್ವಲ್ಪ ಕನ್ನಡ ಕಲಿಯುವ ಹೊತ್ತಿಗೆ ಊರ ಕಡೆಗೆ ವರ್ಗ ಸಿಗುತ್ತದೆ, ಹೊಸಬರು ಬರುತ್ತಾರೆ.

ಪುಸ್ತಕ ಇಂಗ್ಲಿಷಿನದ್ದು, ಅದರಲ್ಲಿ ಯಾರಿಗೂ ಭೇದವಿಲ್ಲ. ಭೇದ ಇರುವುದು ವಿವರಣೆಯಲ್ಲಿ. ಪುಸ್ತಕದ ಒಂದು ಸಾಲು ಓದಿ ಟೀಚರು ‘ಅಂದರೆ ಏನು ಅಂತ ಹೇಳಿದರೆ...’ ಎಂದು ಶುರು ಮಾಡುತ್ತಾರಲ್ಲ, ಪಾಠ ತಲೆಗೆ ಹೋಗುವುದು ಅಲ್ಲಿ. ಆ ‘ಅಂದರೆ’ ಮಲಯಾಳದಲ್ಲಿ ಬರುತ್ತದೆ. ಮಲಯಾಳ ಮಾಧ್ಯಮದಿಂದ ಬಂದ ಮಗುವಿಗೂ ಇಂಗ್ಲಿಷ್ ಕಷ್ಟವೇ, ಆದರೆ ಅದಕ್ಕೆ ಹತ್ತಲು ಒಂದು ಏಣಿ ಇದೆ. ಕನ್ನಡ ಮಾಧ್ಯಮದ ಮಗುವಿಗೆ ಎರಡು ಗೋಡೆ. ಹತ್ತನೆಯವರೆಗೆ ‘ಸಮೀಕರಣ’ ಬಿಡಿಸಿದ ಹುಡುಗ ಈಗ ಇಂಗ್ಲಿಷಿನಲ್ಲಿ ‘ಇಕ್ವೇಶನ್’ ಓದಿ, ಮಲಯಾಳದಲ್ಲಿ ‘ಸಮವಾಕ್ಯಂ’ ಕೇಳಿ, ಮನಸ್ಸಿನಲ್ಲಿ ಮತ್ತೆ ಸಮೀಕರಣಕ್ಕೆ ಬರಬೇಕು. ‘ದ್ಯುತಿಸಂಶ್ಲೇಷಣೆ’ ಕಲಿತವಳಿಗೆ ‘ಪ್ರಕಾಶಸಂಶ್ಲೇಷಣಂ’ ಹೇಗೋ ಅಂದಾಜಿಗೆ ಸಿಕ್ಕೀತು. ಆದರೆ ‘ವೇಗೋತ್ಕರ್ಷ’ವನ್ನು ‘ತ್ವರಣಂ’ ಎಂದರೆ? ಅಷ್ಟು ಹೊತ್ತಿಗೆ ಬೋರ್ಡ್ ಒರೆಸಿ ಆಗಿರುತ್ತದೆ.

ಇನ್ನೊಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ. ಇಲ್ಲಿ ಬಹಳ ಮಕ್ಕಳ ಮನೆಮಾತು ಕನ್ನಡವೂ ಅಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಮನೆಗೊಂದು. ಓದು-ಬರಹ ಎಂಬುದು ಅವರಿಗೆ ಸಿಕ್ಕಿದ್ದೇ ಶಾಲೆಯ ಕನ್ನಡದಲ್ಲಿ. ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತಾಡುವ ಹುಡುಗನಿಗೂ ಅಕೌಂಟೆನ್ಸಿ ಕಲಿಯುವಷ್ಟು ಮಲಯಾಳ ಬರುತ್ತದೆ ಅಂತ ತಿಳಿಯಬಾರದು. ಮೀನು ಖರೀದಿಸುವ ಭಾಷೆ ಬೇರೆ, ಬ್ಯಾಲೆನ್ಸ್ ಶೀಟ್ ಅರ್ಥ ಮಾಡಿಕೊಳ್ಳುವ ಭಾಷೆ ಬೇರೆ.

ಗಣಿತದ ಮಾಸ್ಟ್ರು ಎಲ್ಲಿಂದ ಬರಬೇಕು?

ಇಲ್ಲಿಂದ ಮುಂದೆ ಒಂದು ಸುತ್ತು ಶುರುವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಗಣಿತದಲ್ಲಿ ಚುರುಕಾಗಿದ್ದ ಮಗು ಪ್ಲಸ್ ವನ್ ಸಯನ್ಸಿಗೆ ಹೆದರಿ ಹ್ಯುಮಾನಿಟೀಸಿಗೆ ಹೋಗುತ್ತದೆ. ಧೈರ್ಯ ಮಾಡಿ ಸಯನ್ಸ್ ತೆಗೆದುಕೊಂಡದ್ದೂ ಮೊದಲ ವರ್ಷದ ಪರೀಕ್ಷೆಯಲ್ಲಿ ಸೋತು ಕುಳಿತುಕೊಳ್ಳುತ್ತದೆ. ಹಾಗಿದ್ದರೆ ಕನ್ನಡದಲ್ಲಿ ಓದಿ, ಬಿ.ಎಸ್ಸಿ. ಗಣಿತ ಮಾಡಿ, ಬಿ.ಎಡ್. ಮುಗಿಸಿ, ನಾಳೆ ‘ಗಣಿತ - ಕನ್ನಡ ಮಾಧ್ಯಮ’ ಹುದ್ದೆಗೆ ಅರ್ಜಿ ಹಾಕುವವರು ಯಾರು? ಅಂಥವರ ಸಂಖ್ಯೆ ಕುಗ್ಗಿದಷ್ಟೂ ಆ ಜಾಗಕ್ಕೆ ಕನ್ನಡದ ಸರ್ಟಿಫಿಕೇಟು ಮಾತ್ರ ಇದ್ದು ಭಾಷೆ ಇಲ್ಲದವರು ಬರುವ ದಾರಿ ಅಗಲವಾಗುತ್ತದೆ. ಹೈಸ್ಕೂಲಿನ ಗೇಟಿನಲ್ಲಿ ನಾವು ಯಾವ ಅಧ್ಯಾಪಕರ ವಿರುದ್ಧ ಘೋಷಣೆ ಕೂಗುತ್ತೇವೋ ಅವರ ನೇಮಕಕ್ಕೆ ಪಿಎಸ್‌ಸಿ ಒಂದೇ ಕಾರಣವಲ್ಲ. ಹತ್ತು ವರ್ಷದ ಹಿಂದೆ ನಮ್ಮದೇ ಮಕ್ಕಳು ಪ್ಲಸ್ ವನ್‌ನಲ್ಲಿ ಗಣಿತ ಬಿಟ್ಟದ್ದೂ ಕಾರಣ. ಗಡಿನಾಡಿನ ಕನ್ನಡ ಸಂಘಟನೆಗಳು ಇದನ್ನು ಬಾಯಿಬಿಟ್ಟು ಹೇಳಿದ್ದು ಕಡಿಮೆ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದ ಜನ ಪ್ಲಸ್ ಟುವಿನ ಹುದ್ದೆಗಳ ವಿಷಯಕ್ಕೆ ಹಾಗೆ ಇಳಿದದ್ದಿಲ್ಲ.

ಕನ್ನಡ ಭಾಷೆಯ ಪಾಠಕ್ಕೂ ಇದೇ ಲೆಕ್ಕ. ಪ್ಲಸ್ ಟುವಿನಲ್ಲಿ ಕನ್ನಡ ಎರಡನೇ ಭಾಷೆಯಾಗಿ ಇದೆ. ಇತಿಹಾಸ, ಎಕನಾಮಿಕ್ಸ್, ಪೊಲಿಟಿಕಲ್ ಸಯನ್ಸ್ ಜೊತೆಗೆ ಐಚ್ಛಿಕವಾಗಿ ತೆಗೆದುಕೊಳ್ಳುವ ಕಾಂಬಿನೇಶನ್ನೂ ಇದೆ. ಆದರೆ ಹುದ್ದೆ ನಿಲ್ಲುವುದು ಪೀರಿಯಡ್ ಲೆಕ್ಕದ ಮೇಲೆ. ವಾರಕ್ಕೆ 15 ಪೀರಿಯಡ್ ಆಗದಿದ್ದರೆ ಅದು ಜೂನಿಯರ್ ಹುದ್ದೆ, ಸಂಬಳವೂ ಕಡಿಮೆ. ಮಕ್ಕಳು ಇನ್ನೂ ಇಳಿದರೆ ಹುದ್ದೆಗೇ ಸಂಚಕಾರ. ಕನ್ನಡ ಹುದ್ದೆ ಇಲ್ಲದ ಶಾಲೆಗೆ ಅಲೋಟ್‌ಮೆಂಟ್ ಆದ ಮಗು ಎರಡನೇ ಭಾಷೆಯಾಗಿ ಹಿಂದಿಯನ್ನೋ ಮತ್ತೊಂದನ್ನೋ ಆರಿಸಬೇಕು. ಆ ಮಗು ಮುಂದೆ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ಬಿ.ಎ.ಗೆ ಬರುವ ಸಾಧ್ಯತೆ ಎಷ್ಟು, ನೀವೇ ಲೆಕ್ಕ ಹಾಕಿ. 1957ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ತರಗತಿಯೂ ಇದೆ. ಅಲ್ಲಿಗೆ ಮಕ್ಕಳನ್ನು ಕಳಿಸುವುದು ಈ ಪ್ಲಸ್ ಟು ತರಗತಿಗಳೇ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಸ್ಟ್ರಾಗಿದ್ದ ಕಾಲದಲ್ಲಿ ಒಬ್ಬ ಅಧ್ಯಾಪಕ ಎಷ್ಟು ಪೀರಿಯಡ್‌ಗೆ ಬೆಲೆ ಬಾಳುತ್ತಾನೆ ಎಂಬ ಲೆಕ್ಕದ ಮಾತು ಊರವರ ಬಾಯಲ್ಲಿ ಇರಲಿಲ್ಲ. ಈಗ ಜೂನ್ ತಿಂಗಳಲ್ಲಿ ಅದೇ ಮಾತು.

ತಾತ್ಕಾಲಿಕ ಬ್ಯಾಚು, ತಾತ್ಕಾಲಿಕ ಟೀಚರು

ಮಲಬಾರಿನ ಜಿಲ್ಲೆಗಳಲ್ಲಿ ಪ್ಲಸ್ ವನ್ ಸೀಟು ಸಾಲದು ಎಂಬ ಕೂಗು ಎದ್ದು 2024ರ ಜುಲೈಯಲ್ಲಿ ಸರಕಾರ ತಾತ್ಕಾಲಿಕ ಬ್ಯಾಚು ಮಂಜೂರು ಮಾಡಿತು. ಮಲಪ್ಪುರಕ್ಕೆ 120, ಕಾಸರಗೋಡಿಗೆ 18. ಸೀಟು ಸಿಕ್ಕಿತಲ್ಲ ಅಂತ ಖುಷಿಪಡಬೇಕಾದ್ದೇ. ಆದರೆ ಆ 18ರಲ್ಲಿ ಕಾಮರ್ಸ್ 13, ಹ್ಯುಮಾನಿಟೀಸ್ 4, ಸಯನ್ಸ್ ಒಂದೇ ಒಂದು. ಲ್ಯಾಬ್ ಬೇಡ, ಖರ್ಚು ಕಡಿಮೆ, ಗೆಸ್ಟ್ ಟೀಚರ್ ಬೇಗ ಸಿಗುತ್ತಾರೆ ಎಂಬ ಲೆಕ್ಕ ಇದರ ಹಿಂದೆ ಇದ್ದಿರಬೇಕು. ಹೀಗೆ ಬರುವ ಬ್ಯಾಚಿಗೆ ಕಾಯಂ ಹುದ್ದೆ ಇರುವುದಿಲ್ಲ. ದಿನಗೂಲಿಯ ಮೇಲೆ ಬಂದವರು ಪಿಎಸ್‌ಸಿ ನೇಮಕವೋ ಬೇರೆ ಒಳ್ಳೆ ಕೆಲಸವೋ ಸಿಕ್ಕ ದಿನ ಹೊರಟುಹೋಗುತ್ತಾರೆ. ಒಂದು ಮಾತು ಮಾತ್ರ ಒಪ್ಪಬೇಕು: ಗೆಸ್ಟ್ ಟೀಚರನ್ನು ಶಾಲೆಯಲ್ಲೇ ಇಂಟರ್‌ವ್ಯೂ ಮಾಡಿ ತೆಗೆದುಕೊಳ್ಳುವುದರಿಂದ ಊರಿನವರು, ಕನ್ನಡ ಬಲ್ಲವರು ಸಿಗುವುದು ಅಲ್ಲಿಯೇ ಜಾಸ್ತಿ. ಕಾಯಂ ಆಗಿ ಬಂದವರಿಗೆ ಭಾಷೆ ಇಲ್ಲ, ಭಾಷೆ ಇದ್ದವರಿಗೆ ಕಾಯಂ ಇಲ್ಲ.

ಇಷ್ಟೆಲ್ಲ ಯಾಕೆ ಅಂತ ತಲಪಾಡಿ ದಾಟಿ ಮಕ್ಕಳನ್ನು ಮಂಗಳೂರಿಗೆ, ಇಲ್ಲದಿದ್ದರೆ ಪುತ್ತೂರು, ವಿಟ್ಲ, ಸುಳ್ಯದ ಕಡೆಗೆ ಪಿಯುಸಿಗೆ ಸೇರಿಸುವವರು ಇದ್ದಾರೆ. ಬಸ್ಸಿಗೆ, ಹಾಸ್ಟೆಲಿಗೆ ದುಡ್ಡಿದ್ದವರಿಗೆ ಅದು ಸರಿ. ಅವರು ಹೋದಷ್ಟೂ ಇಲ್ಲಿನ ಶಾಲೆಯಲ್ಲಿ ಕನ್ನಡದ ಮಕ್ಕಳ ಲೆಕ್ಕ ಕಡಿಮೆಯಾಗುತ್ತದೆ, ಪೀರಿಯಡ್ ಇಳಿಯುತ್ತದೆ. ಉಳಿಯುವುದು ಬೀಡಿ ಕಟ್ಟುವವರ, ಕೂಲಿಗೆ ಹೋಗುವವರ ಮಕ್ಕಳು. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಗಡಿನಾಡ ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆ ಪಾಸಾದರೆ ಸೀಟಿಗೆ ಅರ್ಹತೆ ಕೊಡುವ ನಿಯಮ ಉಂಟು. ಒಳ್ಳೆಯದೇ. ಆದರೆ ಎಂಜಿನಿಯರಿಂಗಿಗೆ ಆ ಬಾಗಿಲು ತೆರೆಯುವುದು ಪ್ಲಸ್ ಟುವಿನಲ್ಲಿ ಫಿಸಿಕ್ಸು, ಗಣಿತ ಓದಿದವರಿಗೆ. ಕನ್ನಡ ಚೆನ್ನಾಗಿ ಬಂದೂ ಗಣಿತದ ಟೀಚರು ಹೇಳಿದ್ದು ಅರ್ಥವಾಗದೆ ಗ್ರೂಪು ಬದಲಿಸಿದವಳಿಗೆ ಆ ನಿಯಮದಿಂದ ಏನು ಪ್ರಯೋಜನ?

ಕಾನೂನಿನ ಬಲವೂ ಇಲ್ಲಿ ತೆಳ್ಳಗೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಮಾತು ಹೇಳುವುದು ಪ್ರಾಥಮಿಕ ಹಂತಕ್ಕೆ. ಹೈಸ್ಕೂಲಿನವರೆಗೆ ಅದು ಬಂದದ್ದು 1956ರಿಂದ ಈಚೆಗೆ ಇಲ್ಲಿನವರು ಹಟ ಹಿಡಿದದ್ದರಿಂದ. ಪ್ಲಸ್ ಟು ಮೊದಲು ಪ್ರಿಡಿಗ್ರಿಯಾಗಿ ಕಾಲೇಜಿನಲ್ಲಿತ್ತು. ಅದು ಶಾಲೆಗೆ ಬಂದಾಗ ಇಂಗ್ಲಿಷ್ ಮಾಧ್ಯಮವಾಗಿಯೇ ಬಂತು, ಆಗ ಯಾರೂ ಹುದ್ದೆಯ ಭಾಷೆಯ ಪ್ರಶ್ನೆ ಎತ್ತಲಿಲ್ಲ. 2019ರಲ್ಲಿ ಹೈಸ್ಕೂಲು, ಹೈಯರ್ ಸೆಕೆಂಡರಿ, ವೊಕೇಶನಲ್ ಮೂರು ನಿರ್ದೇಶನಾಲಯಗಳನ್ನು ಒಂದೇ ಸಾಮಾನ್ಯ ಶಿಕ್ಷಣ ನಿರ್ದೇಶನಾಲಯದ ಕೆಳಗೆ ತಂದರು. ಆಡಳಿತ ಒಂದಾದ ಮೇಲೆ ಹತ್ತರವರೆಗೆ ಒಪ್ಪಿದ ಭಾಷೆಯನ್ನು ಹನ್ನೊಂದರಲ್ಲಿ ಒಪ್ಪದಿರಲು ಯಾವ ಕಾರಣ ಹೇಳುತ್ತಾರೆ?

ಪುಸ್ತಕ ಕನ್ನಡದಲ್ಲಿ ಬೇಕು, ಪರೀಕ್ಷೆ ಕನ್ನಡದಲ್ಲಿ ಬೇಕು ಅಂತ ದೊಡ್ಡ ಬೇಡಿಕೆ ಇಟ್ಟು ಅದು ಕಡತದಲ್ಲಿ ಕೊಳೆಯುವುದಕ್ಕಿಂತ ಚಿಕ್ಕದೊಂದನ್ನು ಕೇಳಬಹುದು. ಕನ್ನಡ ಮಾಧ್ಯಮದ ಹೈಸ್ಕೂಲು ಇರುವ ಕಂಪೌಂಡಿನ ಪ್ಲಸ್ ಟುವಿನಲ್ಲಿ ಗಣಿತ, ಫಿಸಿಕ್ಸ್, ಅಕೌಂಟೆನ್ಸಿ, ಎಕನಾಮಿಕ್ಸ್ ಈ ನಾಲ್ಕಕ್ಕಾದರೂ ಕನ್ನಡ ಬಲ್ಲವರನ್ನು ನೇಮಿಸಲಿ. ಪುಸ್ತಕ ಇಂಗ್ಲಿಷಿನದ್ದೇ ಇರಲಿ, ‘ಅಂದರೆ’ ಮಾತ್ರ ಕನ್ನಡದಲ್ಲಿ ಬರಲಿ. ಅಲ್ಲಿಯವರೆಗೆ ಪದಗಳ ಒಂದು ಪಟ್ಟಿ, ಇಂಗ್ಲಿಷ್-ಕನ್ನಡ-ಮಲಯಾಳ ಮೂರರಲ್ಲೂ, ಮಾಡಿಕೊಡುವುದು ನಮ್ಮ ಹೈಸ್ಕೂಲು ಮಾಸ್ಟ್ರುಗಳಿಗೆ ಒಂದು ರಜೆಯ ಕೆಲಸ. ತೆಂಕಣದಿಂದ ಬಂದ ಟೀಚರಿಗೂ ಅದು ಉಪಕಾರ.

ಏಕಜಾಲಕದ ಅರ್ಜಿ ತುಂಬಲು ಸಿಗುವುದು ಕೆಲವೇ ದಿನ. ಅಕ್ಷಯ ಕೇಂದ್ರದಲ್ಲಿ ಸಾಲು ನಿಂತು, ಅಲ್ಲಿ ಕುಳಿತವರು ಹೇಳಿದ ಕೋಡ್ ಹಾಕಿಸಿ ಬರುವುದು ನಮ್ಮ ಕಡೆಯ ಅಭ್ಯಾಸ. ಅದಕ್ಕೆ ಮೊದಲು ಒಂದು ಬೆಳಗ್ಗೆ ಶಾಲೆಗೆ ಹೋಗಿ, ಈ ವರ್ಷ ಕನ್ನಡದ ಹುದ್ದೆ ಇದೆಯೋ ಇಲ್ಲವೋ, ಗಣಿತಕ್ಕೆ ಯಾರಿದ್ದಾರೆ, ಕಾಯಂ ಆಗಿಯೋ ಗೆಸ್ಟೋ ಎಂದು ಪ್ರಿನ್ಸಿಪಾಲರ ಹತ್ತಿರ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಹೀಗೆ ಕೇಳಿಕೊಂಡು ಬಂದವರ ಹೆಸರು, ಮಗುವಿನ ಮಾಧ್ಯಮ ಬರೆದಿಡಲು ಪಿಟಿಎಯಲ್ಲಿ ಒಂದು ಪುಸ್ತಕ ಇಟ್ಟರೆ ಮುಂದಿನ ಸಲ ತಿರುವನಂತಪುರಕ್ಕೆ ಮನವಿ ಕೊಡುವಾಗ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.