ಬಾಟಲಿಯ ಮೇಲಿನ ಹೆಸರು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ತೊಗರಿಯ ವ್ಯಾಪಾರ ಮಾಡುವ ಬಂಧುಗಳೊಬ್ಬರು ಈಚೆಗೆ ಮಗನೊಡನೆ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಎರಡು ನೀರಿನ ಬಾಟಲಿಗಳಿದ್ದವು. ತಮ್ಮ ಬೇಳೆಯ ಚೀಲಕ್ಕೆ ಇಟ್ಟಿರುವ ಹೆಸರನ್ನು ಬಾಟಲಿಯ ಮೇಲೂ ಹಾಕಿಸಿ, ದೇವದುರ್ಗ, ಮಾನ್ವಿಗಳ ಕಡೆಯಿಂದ ಮಾಲು ತರುವ ರೈತರಿಗೆ ಬೇಸಿಗೆಗೆ ಮುನ್ನ ಹಂಚಬೇಕೆಂಬುದು ಅವರ ಇಚ್ಛೆ. ಒಂದು ಥರ್ಮಾಸ್ ಮಾದರಿಯ ಎರಡು ಗೋಡೆಯದು, ಇನ್ನೊಂದು ಒಂದೇ ಪದರದ ಸಾದಾ ಸ್ಟೀಲಿನದು. ಕೊಟ್ಟರೆ ಬೆಲೆಯುಳ್ಳದ್ದನ್ನೇ ಕೊಡಬೇಕು, ಹೆಸರು ಉಳಿಯುವುದೇ ಹಾಗೆ ಎಂದು ಮಗನ ವಾದ. ತಂದೆಗೆ ಖರ್ಚಿನ ಚಿಂತೆ. “ಹಿರಿಯರು ನೀವು, ಯಾವುದು ಮಾಡಿಸಲಿ ಹೇಳ್ರಿ” ಎಂದರು.

ನಾವೂ ಮೊದಲಿಗೆ ಮಗನ ಪಕ್ಷವನ್ನೇ ಹಿಡಿದೆವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಸೀಮೆಯಲ್ಲಿ ತಣ್ಣೀರಿಗಿಂತ ದೊಡ್ಡ ಉಡುಗೊರೆ ಯಾವುದು? ಆದರೆ ಥರ್ಮಾಸಿನ ಗುಣವನ್ನು ವಿಚಾರಿಸುತ್ತ ಹೋದಂತೆ ನಮ್ಮ ಅಭಿಪ್ರಾಯ ಬದಲಾಯಿತು. 1892ರಲ್ಲಿ ಸ್ಕಾಟ್ಲೆಂಡ್ ಮೂಲದ ವಿಜ್ಞಾನಿ ಜೇಮ್ಸ್ ಡೇವರ್ ಅತಿಶೀತಲ ದ್ರವಗಳನ್ನು ಕಾಯ್ದಿಡುವ ಸಲುವಾಗಿ ಈ ಪಾತ್ರೆಯನ್ನು ರೂಪಿಸಿದನು. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಬಿಟ್ಟರೆ ಶಾಖ ಸುಲಭವಾಗಿ ದಾಟಲಾರದು. ಅವನು ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1904ರಲ್ಲಿ ಜರ್ಮನಿಯವರು ಥರ್ಮಾಸ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು. ಅಂಗಡಿಯವರಿಟ್ಟ ಹೆಸರು ವಸ್ತುವಿನ ಹೆಸರೇ ಆಗಿಹೋಯಿತು. ನಮ್ಮ ಬಂಧುಗಳು ಆಸೆಪಡುವುದೂ ಅದನ್ನೇ ಅಲ್ಲವೆ!

ಆದರೆ ಆ ಬಾಟಲಿ ತಂಪನ್ನು ಹುಟ್ಟಿಸದು, ಒಳಗೆ ಹಾಕಿದ್ದನ್ನು ಹಾಕಿದಂತೆ ಕಾಯುವುದಷ್ಟೆ. ಮಾಳಿಗೆಯ ಮೇಲಿನ ಟಾಕಿಯಲ್ಲಿ ಕಾದ ನೀರನ್ನು ತುಂಬಿದರೆ ಸಂಜೆಯವರೆಗೂ ಕಾದ ನೀರನ್ನೇ ಕುಡಿಯಬೇಕಾದೀತು. ಆದ್ದರಿಂದ ಬಾಟಲಿ ಯಾರ ಕೈಗೆ ಹೋಗುವುದು, ಅವರು ಅದನ್ನು ಎಲ್ಲಿ ತುಂಬುವರು ಎಂಬುದನ್ನು ಮೊದಲು ಕೇಳಬೇಕು. ಮಾನ್ವಿಯ ಕಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಗೋ, ದೇವದುರ್ಗದ ಕಡೆ ಹತ್ತಿಯ ಹೊಲಕ್ಕೋ ಬುತ್ತಿ ಕಟ್ಟಿಕೊಂಡು ಹೋದ ಹೆಣ್ಣುಮಗಳು ಮನೆಯ ನೀರು ಮುಗಿದ ಮೇಲೆ ತುಂಬಿಕೊಳ್ಳುವುದು ಬಿಸಿಲಿಗೆ ಬಿದ್ದ ಪೈಪಿನ ನೀರನ್ನು. ಅವಳಿಗೆ ಸಾದಾ ಬಾಟಲಿಯೇ ಮೇಲು. ಅದಕ್ಕೆ ಗೋಣಿತಟ್ಟನ್ನೋ ಹಳೆಯ ಧೋತರದ ತುಂಡನ್ನೋ ಸುತ್ತಿ, ನೆನೆಸಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿದರೆ ಬಟ್ಟೆಯ ತೇವ ಆರುತ್ತ ಆರುತ್ತ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯ ತಂಪಿನ ಗುಟ್ಟೂ ಇದೇ. ನಮ್ಮ ಸೀಮೆಯ ಬೇಸಿಗೆಯ ಗಾಳಿ ಒಣಗಾಳಿಯಾದುದರಿಂದ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಕರಾವಳಿಯಲ್ಲಾದರೆ ಅಷ್ಟಾಗಿ ಸಾಗದು. ಥರ್ಮಾಸಿಗೆ ಎಷ್ಟು ಒದ್ದೆಬಟ್ಟೆ ಸುತ್ತಿದರೂ ಒಳಗಿನ ನೀರಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ತೂಕವೂ ಅದರದೇ ಹೆಚ್ಚು.

ಹಾಗೆಂದು ಥರ್ಮಾಸನ್ನು ನಾವು ಹಳಿಯುವುದಿಲ್ಲ. ಮನೆಯ ಗಡಿಗೆಯಲ್ಲೋ ಫ್ರಿಜ್ಜಿನಲ್ಲೋ ತಣ್ಣಗಾದ ನೀರನ್ನು ತುಂಬಿಕೊಂಡು ಹೊರಡುವ ಬಸ್ಸಿನ ಚಾಲಕರಿಗೆ, ಶಾಲೆಯ ಶಿಕ್ಷಕಿಯರಿಗೆ ಅದು ತಕ್ಕದ್ದು. ಬಾಣಂತಿಯೋ ವಯಸ್ಸಾದವರೋ ಇರುವ ಮನೆಯಲ್ಲಿ ರಾತ್ರಿಯ ಬಿಸಿನೀರಿಗೂ ಒದಗುತ್ತದೆ. ಹಸುಗೂಸಿನ ಹಾಲನ್ನು ಮಾತ್ರ ಬೆಚ್ಚಗೆ ಗಂಟೆಗಟ್ಟಲೆ ಅದರಲ್ಲಿ ಇಡಬಾರದು; ಕ್ರಿಮಿಗಳು ಹೆಚ್ಚುವುದೇ ಆ ಬೆಚ್ಚನೆಯಲ್ಲಿ.

ಯಾವುದನ್ನೇ ಮಾಡಿಸಲಿ, ಐಎಸ್ಐ ಗುರುತನ್ನು ನೋಡಿಯೇ ಕೊಳ್ಳುವುದು ಲೇಸು; ಈ ಬಗ್ಗೆ ಕೇಂದ್ರ ಸರ್ಕಾರ 2023ರಲ್ಲಿ ಗುಣಮಟ್ಟದ ಆದೇಶ ಹೊರಡಿಸಿದೆ. ಥರ್ಮಾಸಿನಲ್ಲಿ ಕುದಿನೀರು ತುಂಬಿ ತುಸು ಹೊತ್ತಿನ ಮೇಲೆ ಹೊರಮೈ ಮುಟ್ಟಿ ನೋಡಿರಿ. ಬೆಚ್ಚಗಾಗಿದ್ದರೆ ನಡುವಿನ ನಿರ್ವಾತ ಕೆಟ್ಟಿದೆಯೆಂದೇ ಅರ್ಥ. ಹೆಸರನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದರೆ ತಿಕ್ಕಿ ತೊಳೆದಂತೆಲ್ಲ ಮಾಸುವುದು, ಲೇಸರಿನಿಂದ ಕೆತ್ತಿಸಿದರೆ ಉಳಿಯುವುದು. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಎಷ್ಟೇ ದುಬಾರಿಯ ಬಾಟಲಿಯಾದರೂ ಅದನ್ನು ತೆಗೆಯಲಾರದು. ಶುದ್ಧ ನೀರಿನ ಘಟಕದ ನೀರನ್ನೇ ತುಂಬಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಬಂಧುಗಳು ರೈತರಿಗೆ ಸಾದಾ ಬಾಟಲಿ, ಜೊತೆಗೊಂದು ಗೋಣಿತಟ್ಟಿನ ಚೀಲ ಎಂದು ನಿಶ್ಚಯಿಸಿದರು. ಎದ್ದು ಹೊರಟವರು ಬಾಗಿಲಲ್ಲಿ ನಿಂತರು. “ಗೋಣಿ ಸುತ್ತಿದರೆ ನಮ್ಮ ಹೆಸರೇ ಮುಚ್ಚಿ ಹೋಗ್ತದಲ್ರಿ?”

“ಮುಚ್ಚಳದ ಮ್ಯಾಲೆ ಕೆತ್ತಿಸಿದರಾತು ಬಿಡಪ್ಪಾ” ಎಂದ ಮಗ.