ಮೊದಲನೆಯ ಬೈಸಿಕಲ್ ಪ್ರವಾಸಕ್ಕೆ ಸಿದ್ಧತೆ

ಅರವತ್ತು ತುಂಬಿದವರು ಊರುಗೋಲನ್ನು ಹುಡುಕಬೇಕೇ ಹೊರತು ಬೈಸಿಕಲ್ಲನ್ನಲ್ಲ ಎಂದು ನೆರೆಮನೆಯ ಮಿತ್ರರೊಬ್ಬರು ನಮ್ಮನ್ನು ಪರಿಹಾಸ್ಯ ಮಾಡಿದರು. ಅವರ ಮಾತಿನಲ್ಲಿ ಸತ್ಯಾಂಶವು ಇಲ್ಲದಿಲ್ಲ. ಆದಾಗ್ಯೂ ಬರುವ ಮಾರ್ಗಶಿರ ಮಾಸದಲ್ಲಿ ನಾವೂ ನಮ್ಮ ಮನೆಯಾಕೆಯೂ ಉಡುಪಿಯಿಂದ ಗೋಕರ್ಣದವರೆಗೆ ಬೈಸಿಕಲ್ಲಿನ ಮೇಲೆ ಪ್ರವಾಸ ಮಾಡುವುದೆಂದು ನಿಶ್ಚಯವಾಗಿದೆ. ಮೂವತ್ತು ವರ್ಷ ಪಾಠಶಾಲೆಗೆ ಬೈಸಿಕಲ್ಲಿನಲ್ಲಿಯೇ ಹೋಗಿಬಂದ ನಮಗೆ ಇದೇನು ಮಹಾಕಾರ್ಯವೆಂದು ಮೊದಲು ತೋರಿತ್ತು. ಆ ಗರ್ವವು ಹೇಗೆ ಇಳಿಯಿತೆಂಬುದನ್ನೂ, ನಮ್ಮಂತೆ ಮೊದಲ ಸಲ ಹೊರಡುವ ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮಾರ್ಗದರ್ಶಿಯೊಡನೆ ಹೋಗುವ ಪ್ರವಾಸದ ಕ್ರಮವೇ ಬೇರೆ. ಹತ್ತು ಹನ್ನೆರಡು ಮಂದಿಯ ತಂಡ. ಮುಂದೆ ದಾರಿ ಬಲ್ಲವನೊಬ್ಬನು, ಯಾರೂ ಹಿಂದುಳಿಯದಂತೆ ಎಲ್ಲರ ಹಿಂದೆ ಮತ್ತೊಬ್ಬನು. ಗಂಟುಮೂಟೆಗಳನ್ನು ಹೊತ್ತು ಬರುವ ಒಂದು ವಾಹನ. ದಣಿದವರು ಆ ವಾಹನದಲ್ಲಿ ಕುಳಿತರೆ ಅವಮಾನವೇನೂ ಇಲ್ಲ. ನಮ್ಮದು ಐದು ದಿನಗಳ ದಾರಿ. ದಿನಕ್ಕೆ ೩೦ರಿಂದ ೪೫ ಕಿಲೋಮೀಟರು. ೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಭರಾಟೆ ಹೆಚ್ಚಾದುದರಿಂದ ಸಾಧ್ಯವಿದ್ದಲ್ಲೆಲ್ಲ ಕಡಲ ಕರೆಯ ಚಿಕ್ಕ ರಸ್ತೆಗಳನ್ನೇ ಹಿಡಿಯುವರಂತೆ. ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡಿರುವ ಕೋಡಿ ಬೆಂಗ್ರೆಯಿಂದ ಹಂಗಾರಕಟ್ಟೆಗೆ ನೀರಿನ ಮೇಲೆ ದಾಟಬೇಕು. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಮುಂದೆ ಭಟ್ಕಳ, ಮುರುಡೇಶ್ವರ, ಶರಾವತಿಯು ಕಡಲನ್ನು ಸೇರುವ ಹೊನ್ನಾವರ. ಕಡೆಯಲ್ಲಿ ಅಘನಾಶಿನಿಯನ್ನು ದಾಟಿ ತದಡಿ, ಅಲ್ಲಿಂದ ಗೋಕರ್ಣ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಸೀಮೆಯಲ್ಲಿ ಮಳೆಯ ಅಬ್ಬರ; ಮಾರ್ಚಿಯಿಂದ ಮೇವರೆಗೆ ಬೆವರಿಳಿಸುವ ಸೆಕೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತವಾದುದು.

ಮುಂಗಡ ಕೊಡುವುದಕ್ಕೆ ಮೊದಲು ವ್ಯವಸ್ಥಾಪಕರನ್ನು ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆಯಿಸಿಕೊಳ್ಳುವುದು ಯೋಗ್ಯ. ದಿನಕ್ಕೆ ಎಷ್ಟು ದೂರ, ಎಷ್ಟು ಏರು? ಬೈಸಿಕಲ್ಲು ಅವರದೋ ನಮ್ಮದೋ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಯಲ್ಲಿರುವರೇ? ಹೆಂಗಸರಿಗೆ ತಕ್ಕ ವಸತಿ ಉಂಟೇ? ಹೊರಡಲಾಗದಿದ್ದರೆ ಹಣವು ಹಿಂದಕ್ಕೆ ಬರುವುದೇ? ಇವನ್ನು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಇನ್ನು ದೇಹದ ಸಿದ್ಧತೆ. ಯೋಗಕ್ಷೇಮವೆಂದು ನಾವೆಲ್ಲರೂ ಕಾಗದಗಳಲ್ಲಿ ಬರೆಯುವುದುಂಟು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದು ನಾವು ಮಕ್ಕಳಿಗೆ ಅರ್ಥ ಹೇಳುತ್ತಿದ್ದೆವು. ಅಭ್ಯಾಸಕ್ಕೂ ಇದೇ ಸೂತ್ರ. ಮೊದಲು ವಾರಕ್ಕೆ ಮೂರು ದಿನ ಎಂಟು ಹತ್ತು ಕಿಲೋಮೀಟರು ಸಾಕು. ಒಂದೊಂದು ವಾರವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಎರಡು ತಿಂಗಳಲ್ಲಿ ಪ್ರವಾಸದ ಒಂದು ದಿನದ ದೂರದಷ್ಟನ್ನು ನಿರಾಯಾಸವಾಗಿ ತುಳಿಯುವಂತಾಗಬೇಕು. ಒಂದು ದಿನ ತುಳಿಯುವುದು ದೊಡ್ಡದಲ್ಲ. ಮರುದಿನವೂ ಅದೇ ಸೀಟಿನ ಮೇಲೆ ಕೂರುವುದು ದೊಡ್ಡದು. ಆದುದರಿಂದ ಎಡೆಬಿಡದೆ ಎರಡು ದಿನಗಳ ಅಭ್ಯಾಸವನ್ನು ಒಂದೆರಡು ಸಲವಾದರೂ ಮಾಡತಕ್ಕದ್ದು. ನಡುನಡುವೆ ವಿಶ್ರಾಂತಿಯನ್ನೂ ಕೊಡತಕ್ಕದ್ದು.

ಬೈಸಿಕಲ್ಲು ದೇಹಕ್ಕೆ ಹೊಂದಬೇಕು. ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟಿನ ಎತ್ತರವಿರಲಿ. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗುವುದು. ಸೀಟು ತಗ್ಗಿದರೆ ಮೊಣಕಾಲು ನೋಯುವುದು ಖಂಡಿತ. ಏರು ಬರುವುದಕ್ಕೆ ಮೊದಲೇ ಹಗುರವಾದ ಗೇರಿಗೆ ಬದಲಿಸಬೇಕು. ಇಳಿಜಾರಿನಲ್ಲಿ ಎರಡು ಬ್ರೇಕುಗಳನ್ನೂ ಮೆಲ್ಲಮೆಲ್ಲನೆ ಹಿಡಿಯಬೇಕು. ಶಿರಸ್ತ್ರಾಣವು, ಎಂದರೆ ಹೆಲ್ಮೆಟ್ಟು, ಹುಬ್ಬಿನಿಂದ ಎರಡು ಬೆರಳು ಮೇಲೆ ಸಮನಾಗಿ ಕೂತಿರಬೇಕು.

ನಮ್ಮ ಮನೆಯಾಕೆಯು ಬಾಲ್ಯದಲ್ಲಿ ಬೈಸಿಕಲ್ಲನ್ನು ಮುಟ್ಟಿದವಳಲ್ಲ. ೨೦೦೬–೦೭ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿದಾಗ, ಶಾಲೆಯ ಮೈದಾನದಲ್ಲಿ ಹುಡುಗಿಯರು ಬಿದ್ದೆದ್ದು ಕಲಿಯುತ್ತಿದ್ದುದನ್ನು ಕಂಡು ಆಕೆಯೂ ಕಲಿತಳು. ಹಿಂದಿನಿಂದ ಸೀಟನ್ನು ಹಿಡಿದು ಓಡಿದವರು ನಾವೇ. ಆ ಕಾರಣದಿಂದ ಈ ವಿಷಯದಲ್ಲಿ ನಾವು ಗುರುಗಳೆಂದೂ ಆಕೆ ಶಿಷ್ಯಳೆಂದೂ ಭಾವಿಸಿದ್ದೆವು.

ಕಳೆದ ತಿಂಗಳು ಮೈಸೂರಿನಿಂದ ನಂಜನಗೂಡಿಗೆ ಅಭ್ಯಾಸಕ್ಕಾಗಿ ಹೊರಟೆವು. ಹೋಗುವ ದಾರಿ ೨೩ ಕಿಲೋಮೀಟರು. ಶ್ರೀಕಂಠೇಶ್ವರನ ದರ್ಶನವಾಗದೆ ಬಾಯಿಗೇನೂ ಹಾಕುವುದಿಲ್ಲವೆಂದು ಸಂಕಲ್ಪ ಮಾಡಿ, ಮಧುಮೇಹದ ಗುಳಿಗೆಯನ್ನು ಮಾತ್ರ ಎಂದಿನಂತೆ ನುಂಗಿದೆವು. ಕಡಕೊಳವನ್ನು ದಾಟಿದ ಮೇಲೆ ಕೈಗಳು ನಡುಗತೊಡಗಿದವು. ತಣ್ಣನೆಯ ಬೆವರು ಹರಿಯಿತು. ಎದುರಿಗೆ ಬರುವ ಬಸ್ಸು ಒಂದೋ ಎರಡೋ ತಿಳಿಯದಾಯಿತು. ಆದರೂ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಬೈಸಿಕಲ್ಲು ಓಲಾಡುವುದನ್ನು ಹಿಂದಿನಿಂದ ಕಂಡ ಆಕೆ ಮುಂದೆ ಬಂದು ನಮ್ಮನ್ನು ರಸ್ತೆಯಂಚಿನ ಮರದ ನೆರಳಿಗೆ ಇಳಿಸಿದಳು. ಹಣ್ಣುಕಾಯಿಗೆಂದು ತಂದಿದ್ದ ಕಲ್ಲುಸಕ್ಕರೆಯನ್ನು ಕೈಗಿತ್ತಳು. ನೈವೇದ್ಯದ ವಸ್ತುವೆಂದು ನಾವು ಹಿಂದೆಗೆದಾಗ, “ದೇವರಿಗೆ ಬೇರೆ ಕೊಳ್ಳಬಹುದು, ನೀವು ಮೊದಲು ತಿನ್ನಿ” ಎಂದಳು. ತಿಂದೆವು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಮೇಲೆ ಎರಡು ಬಾಳೆಹಣ್ಣನ್ನೂ ತಿನ್ನಿಸಿದಳು. ಅಂದು ದರ್ಶನಕ್ಕೆ ಹೋಗಿ ಬಂದುದು ಬಸ್ಸಿನಲ್ಲಿ. ಬೈಸಿಕಲ್ಲುಗಳು ಒಂದು ಅಂಗಡಿಯ ಮುಂದೆ ಉಳಿದವು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣವು ದಣಿವಲ್ಲ. ಪ್ರವಾಸದ ಅರ್ಜಿಯಲ್ಲಿ ಹೃದ್ರೋಗ, ರಕ್ತದೊತ್ತಡ, ಮಧುಮೇಹಗಳುಂಟೇ ಎಂಬ ಪ್ರಶ್ನೆಯಿತ್ತು. ಮಧುಮೇಹವೆಂದು ಬರೆದರೆ ಮುದುಕನೆಂದು ತಳ್ಳಿಹಾಕುವರೆಂಬ ಭಯದಿಂದ ‘ಇಲ್ಲ’ ಎಂದು ತುಂಬಿ, ಕಳುಹಿಸಲು ಸಿದ್ಧವಾಗಿಟ್ಟಿದ್ದೆವು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳಾಡಬಾರದೆಂದು ಬೋಧಿಸಿದ ಕೈಯೇ ಅದನ್ನು ಬರೆದಿತ್ತು. ಆ ದಿನ ಜೊತೆಯಲ್ಲಿ ನಮ್ಮ ರೋಗವನ್ನು ಬಲ್ಲವಳಿದ್ದಳು. ಕಡಲ ಕರೆಯಲ್ಲಿ ಬೇರೆಯವರ ಮಧ್ಯೆ ಹಾಗಾಗಿದ್ದರೆ, ಏನೂ ಅರಿಯದ ಆ ಮಾರ್ಗದರ್ಶಿಯು ಏನು ಮಾಡಬೇಕಾಗಿತ್ತು? ಬೆಳಗ್ಗೆ ಆಕೆಯ ಎದುರಿಗೇ ‘ಇಲ್ಲ’ವನ್ನು ಹೊಡೆದುಹಾಕಿ ಇದ್ದುದನ್ನು ಇದ್ದಂತೆ ಬರೆದೆವು. ಆಕೆ ಏನೂ ಹೇಳಲಿಲ್ಲ, ಕಾಫಿ ತಂದಿಟ್ಟಳು.

ವೈದ್ಯರು ಹೇಳಿದುದನ್ನು ಇಲ್ಲಿ ಬರೆಯುವುದು ನಮ್ಮಂತಹವರಿಗೆ ಉಪಕಾರವಾದೀತು. ಇನ್ಸುಲಿನ್ನನ್ನಾಗಲಿ ಸಲ್ಫೊನೈಲ್‌ಯೂರಿಯ ವರ್ಗದ ಗುಳಿಗೆಯನ್ನಾಗಲಿ ತೆಗೆದುಕೊಳ್ಳುವವರು ಊಟವಿಲ್ಲದೆ ದೇಹವನ್ನು ದಂಡಿಸಿದರೆ ರಕ್ತದಲ್ಲಿನ ಸಕ್ಕರೆ ಅಪಾಯಕರವಾಗಿ ಇಳಿಯುವುದು. ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕಡಮೆಯಾದರೆ ಕೂಡಲೇ ನಿಂತು ಸುಮಾರು ೧೫ ಗ್ರಾಂ, ಎಂದರೆ ಮೂರು ನಾಲ್ಕು ಚಿಕ್ಕ ಚಮಚದಷ್ಟು, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ೧೫ ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಅಷ್ಟನ್ನೇ ಕುಡಿಯಬೇಕು. ಏರಿದ ಮೇಲೆ ಆಹಾರ ಸೇವಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪ್ರವಾಸದ ದಿನಗಳಿಗೆ ನಮ್ಮ ಗುಳಿಗೆಯ ಪ್ರಮಾಣವನ್ನು ಅವರು ಬದಲಿಸಿಕೊಟ್ಟಿದ್ದಾರೆ. ಇದನ್ನು ಯಾರೂ ತಾವಾಗಿಯೇ ಮಾಡಿಕೊಳ್ಳಬಾರದು.

ವ್ಯವಸ್ಥಾಪಕರು ನಮ್ಮನ್ನು ತಳ್ಳಿಹಾಕಲಿಲ್ಲ. ವೈದ್ಯರ ಒಪ್ಪಿಗೆಯ ಪತ್ರವನ್ನು ಕೇಳಿದರು. ಗಂಟೆಗೊಮ್ಮೆ ನಿಂತು ಉಪಾಹಾರ ಮಾಡಿಸುವುದಾಗಿಯೂ, ಹಿಂದೆ ಬರುವವನ ಚೀಲದಲ್ಲಿ ಸಕ್ಕರೆ ಇರಿಸುವುದಾಗಿಯೂ ತಿಳಿಸಿದರು. ನಾವು ಹೆದರಿದ್ದ ಪ್ರಶ್ನೆಯು ನಮ್ಮ ರಕ್ಷಣೆಗಾಗಿಯೇ ಇದ್ದಿತು.

ಸಾಮಾನಿನ ಪಟ್ಟಿಯು ಚಿಕ್ಕದು: ಮೆತ್ತೆಯುಳ್ಳ ಚಡ್ಡಿಗಳೆರಡು, ಬೇಗ ಒಣಗುವ ಅಂಗಿಗಳು, ನೀರಿನ ಸೀಸೆಗಳೆರಡು, ಒಂದು ಟ್ಯೂಬು, ಔಷಧಗಳು, ಕನ್ನಡಕ. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯತಕ್ಕದ್ದು. ಕಲ್ಲುಸಕ್ಕರೆಯ ಪೊಟ್ಟಣವೊಂದು ನಮ್ಮ ಜೇಬಿನಲ್ಲಿಯೂ ಮತ್ತೊಂದು ಆಕೆಯ ಚೀಲದಲ್ಲಿಯೂ ಇರುವುದು. ದಾರಿಯಲ್ಲಿ ಆಕೆ ನಮ್ಮ ಹಿಂದೆಯೇ ಬರುವಳೆಂದು ಗೊತ್ತುಮಾಡಿದ್ದೇವೆ. ಹಿಂದೊಮ್ಮೆ ಆಕೆಯ ಸೀಟನ್ನು ಹಿಡಿದು ಓಡಿದವರು ನಾವಾದರೆ, ಈಗ ನಮ್ಮನ್ನು ನೋಡಿಕೊಳ್ಳುವ ಸರದಿ ಆಕೆಯದು. ಕ್ಷೇಮವಾಗಿ ಗೋಕರ್ಣವನ್ನು ಮುಟ್ಟಿದರೆ ಉಳಿದ ವೃತ್ತಾಂತವನ್ನು ವಾಚಕರಿಗೆ ತಿಳಿಯಪಡಿಸುವೆವು.