ಹುಲ್ಲಿಗೆ ಕ್ಷೌರ

ಕೆಂಗೇರಿ ಉಪನಗರದ ನಮ್ಮ ಮನೆಯ ಮುಂದೆ ನಾಲ್ಕು ಚಾಪೆಗಳಷ್ಟು ಅಗಲದ ಗರಿಕೆಯ ಹಾಸೊಂದಿದೆ. ಅದನ್ನು ನೋಡುತ್ತ ನಾನು ಲಾಲ್‌ಬಾಗಿನ ಕನಸು ಕಾಣುತ್ತೇನೆ. ನಮ್ಮ ತಾಯಿಯವರಿಗಾದರೋ ಅದು ಗಣಪತಿಯ ಪೂಜೆಗೆ ಗರಿಕೆ ಒದಗಿಸುವ ಪುಣ್ಯಭೂಮಿ. ಒಂದೇ ನೆಲಕ್ಕೆ ಇಬ್ಬರು ಒಡೆಯರಾದರೆ ವ್ಯಾಜ್ಯ ತಪ್ಪೀತೆ?

2024ರ ಫೆಬ್ರವರಿಯ ಒಂದು ಭಾನುವಾರ, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಬಾಡಿಗೆಗೆ ತಂದೆ. ವಾರ ವಾರವೂ ದುಡಿಯುವ ಶ್ರಮ ತಪ್ಪಲೆಂದು ಅಲಗನ್ನು ನೆಲಮಟ್ಟಕ್ಕೆ ಇಳಿಸಿ ನುಣ್ಣಗೆ ಬೋಳಿಸಿದೆ. “ಕ್ಷೌರವೆಂದರೆ ಮುಂಡನವನ್ನೇ ಮಾಡಿಬಿಟ್ಟೆಯಲ್ಲೋ!” ಎಂದರು ತಾಯಿ.

ವಾರ ಕಳೆಯುವಷ್ಟರಲ್ಲಿ ಹಾಸು ಕಂದಿತು. ನೀರೆರೆದು ಬದುಕಿಸೋಣವೆಂದರೆ, ಮಾರ್ಚಿಯಲ್ಲಿ ಊರಿಗೇ ನೀರಿನ ಬರ. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಅಂಥ ದಿನಗಳಲ್ಲಿ ಹುಲ್ಲಿಗೆ ನೀರು ಕೇಳಲು ಬಾಯಾದರೂ ಹೇಗೆ ಬಂದೀತು? ಬೇಸಗೆಯುದ್ದಕ್ಕೂ ತಾಯಿ ಅಂಗಡಿಯ ಗರಿಕೆಯನ್ನು ಕೊಂಡು ಪೂಜಿಸಿದರು. ಮತ್ತೊಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಪಾಪಪ್ರಜ್ಞೆಯಿಂದ ನಾನು ಹುಲ್ಲಿನ ಶಾಸ್ತ್ರವನ್ನು ಓದಲಾರಂಭಿಸಿದೆ. ಈ ಯಂತ್ರದ ಮೂಲಪುರುಷ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್; ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗನ್ನು ಕತ್ತರಿಸುವ ಯಂತ್ರದಿಂದ ಸ್ಫೂರ್ತಿ ಪಡೆದು 1830ರಲ್ಲಿ ಇದನ್ನು ರೂಪಿಸಿದನಂತೆ. ಬಟ್ಟೆಗೆ ಜೀವವಿಲ್ಲ, ಎಷ್ಟು ಕತ್ತರಿಸಿದರೂ ಸಹಿಸುತ್ತದೆ. ಹುಲ್ಲಿನ ಮಾತು ಬೇರೆ. ಅದರ ಎಸಳೇ ಅದರ ಅಡಿಗೆಮನೆ. ಬೆಳೆಯುವ ಮೊಳಕೆ ಬುಡದಲ್ಲಿರುವುದರಿಂದಲೇ ಹಸು ಮೇಯ್ದರೂ ಅದು ಮತ್ತೆ ಚಿಗುರುತ್ತದೆ. ಆದರೆ ಅಡಿಗೆಮನೆಯನ್ನೇ ಕೆಡವಿದರೆ ಬೇರು ಕೂಡಿಟ್ಟ ಗಂಟನ್ನು ಕರಗಿಸಿ ಬದುಕಬೇಕಾಗುತ್ತದೆ. ಬಿರುಬೇಸಗೆಯ ಹೊಸ್ತಿಲಲ್ಲಿ ನಾನು ಮಾಡಿದ್ದು ಅದನ್ನೇ.

ಆದುದರಿಂದ ಮೊದಲನೆಯ ಸೂತ್ರ: ಒಮ್ಮೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಕೂಡದು. ಆರು ಸೆಂಟಿಮೀಟರ್ ಬೆಳೆದಿದ್ದರೆ ನಾಲ್ಕನ್ನು ಉಳಿಸಬೇಕು. ಬೇಸಗೆಯಲ್ಲಿ ಇನ್ನೂ ತುಸು ಎತ್ತರ ಬಿಟ್ಟರೆ ನೆಲಕ್ಕೆ ನೆರಳಾಗಿ ತೇವ ನಿಲ್ಲುತ್ತದೆ. ಅಲಗು ಹರಿತವಾಗಿರಬೇಕು, ಮೊಂಡಾದರೆ ಎಸಳು ಹರಿದು ತುದಿ ಕಂದುತ್ತದೆ. ಮಳೆ ನಿಂತೊಡನೆ ಯಂತ್ರ ಹಿಡಿದು ಹೊರಡಬಾರದು. ಒದ್ದೆ ಹುಲ್ಲು ಮುದ್ದೆಗಟ್ಟುತ್ತದೆ, ಮೆತ್ತಗಾದ ನೆಲ ಚಕ್ರದಡಿ ಕುಸಿಯುತ್ತದೆ. ಒಂದು ವಾರ ಉದ್ದಕ್ಕೆ ನಡೆದರೆ ಮರುವಾರ ಅಡ್ಡಕ್ಕೆ ನಡೆಯುವುದು ಲೇಸು. ಕತ್ತರಿಸಿದ ಸಣ್ಣ ಚೂರುಗಳನ್ನು ಗುಡಿಸಿ ಎಸೆಯಬೇಕಾದುದಿಲ್ಲ. ತೆಳುವಾಗಿ ಹರಡಿಬಿಟ್ಟರೆ ಅವು ಕೊಳೆತು ಸಾರಜನಕವನ್ನು ಮಣ್ಣಿಗೆ ಮರಳಿಸುತ್ತವೆ. ಒಟ್ಟಿನಲ್ಲಿ ಈ ವಿದ್ಯೆ ಕತ್ತರಿಸುವುದರಲ್ಲಿಲ್ಲ, ಉಳಿಸುವುದರಲ್ಲಿದೆ.

ಮಳೆ ಬಂತು. ಗರಿಕೆಗೆ ನೆಲದೊಳಗೂ ಹರಿಯುವ ಕಾಂಡವುಂಟು. ಸತ್ತಿತೆಂದು ನಾನು ಕೈಬಿಟ್ಟಿದ್ದ ಕಡೆಯಲ್ಲೆಲ್ಲ ಹಸುರು ಇಣುಕಿತು. ಸೆಪ್ಟೆಂಬರ್ 7ರಂದು, ಗಣೇಶನ ಹಬ್ಬದ ಬೆಳಗಿನಲ್ಲಿ, ತಾಯಿಯವರು ಅಂಗಳದಿಂದ ಇಪ್ಪತ್ತೊಂದು ಗರಿಕೆಯನ್ನು ಎಣಿಸಿ ತಂದರು. “ಈ ಸಲ ಅಂಗಡಿಗೆ ಹೋಗುವ ಕೆಲಸವಿಲ್ಲ” ಎಂದಷ್ಟೇ ನುಡಿದರು.

ಈಗ ತುಳಸಿಕಟ್ಟೆಯ ಬಳಿಯ ಮೊಳದಗಲದ ಮೂಲೆ ಅವರದು. ಅಲ್ಲಿಗೆ ಯಂತ್ರ ಹೋಗುವುದಿಲ್ಲ. ನನ್ನ ಲಾಲ್‌ಬಾಗಿನ ಅಂದಕ್ಕೆ ಆ ಮೂಲೆ ಕುಂದೆಂದು ನೆಂಟರು ಹೇಳುತ್ತಾರೆ. ನನಗಂತೂ ಹಾಸಿನಲ್ಲೆಲ್ಲ ಅದೇ ಸರಿಯಾಗಿ ಕತ್ತರಿಸಿದ ಜಾಗವೆಂದು ತೋರುತ್ತದೆ.